ಬರ್ಲಿನ್ನಿನ ತಲೆಬುರುಡೆಗಳು, ಗುಲ್ಬರ್ಗಾದ ಹಬಶಿ

ನಮ್ಮ ಕಲಬುರಗಿ ಕಡೆ ಹೆಡ್ ಮಾಸ್ತರರು ಸ್ವಲ್ಪ ಬಿಗಿ ಇದ್ದರೆ ಹುಡುಗರು ಇಡುವ ಮೊದಲ ಅಡ್ಡಹೆಸರು ‘ಹಿಟ್ಲರ್’. ಅದರಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂಥರಾ ಮರ್ಯಾದೆಯೇ ಇರುತ್ತೆ. ನಂದೂರಿನಲ್ಲಿ ಚಹಾ ಕುಡೀತಾ ಕೂತಾಗ ರಾಜಕೀಯದ ಮಾತು ಬಂದರೆ ಯಾರಾದರೊಬ್ಬರು ಹೇಳೇ ಹೇಳ್ತಾರೆ: “ಹಿಟ್ಲರ್‌ನಂಥಾ ಮನಷ್ಯಾ ಬರಬೇಕ್ರಿ ಈ ದೇಶಕ್ಕ, ಎಲ್ಲಾರೂ ಸರಳ ಆತಾರ.” ಅದಕ್ಕೆ ಇನ್ನೊಬ್ಬರು ಜೋಡಿಸ್ತಾರೆ: “ಅಂವ ಇಂಗ್ಲೀಷರಿಗಿ ನೀರು ಕುಡಿಸ್ಯಾನಂತೇ ನಮಗ ಸ್ವಾತಂತ್ರ್ಯ ಸಿಕ್ಕದ.” ಅರವತ್ತು ಲಕ್ಷ ಯಹೂದಿಗಳನ್ನು ಕೊಂದವನಲ್ವಾ ಅಂತ ನಾನು ಬಾಯಿ ಬಿಟ್ಟರೆ ಉತ್ತರ ರೆಡಿ: “ಅದು ಬಿಳೇ ಮಂದೀ ಜಗಳ ಬಿಡ್ರಿ, ನಮಗೇನ್ ಸಂಬಂಧ?”

ಈ ಕೊನೆಯ ಮಾತು ನನ್ನನ್ನು ಬಹಳ ದಿನದಿಂದ ಕಾಡ್ತಾ ಇದೆ. ಯಾಕಂದ್ರೆ ನಾವು ಓದಿದ ಪಠ್ಯಪುಸ್ತಕವೂ ಹೆಚ್ಚು ಕಡಿಮೆ ಅದನ್ನೇ ಹೇಳಿಕೊಟ್ಟಿದೆ. ವರ್ಸೇಲ್ಸ್ ಒಪ್ಪಂದ, ಜರ್ಮನಿಯ ಅವಮಾನ, ಹಿಟ್ಲರ್, ಯುದ್ಧ, ಸೋಲು. ಎಲ್ಲ ಯುರೋಪಿನೊಳಗೇ ಹುಟ್ಟಿ ಯುರೋಪಿನೊಳಗೇ ಮುಗಿದುಹೋಗುವ ಕಥೆ. ಇದೇ ಕಥೆಯನ್ನು ಆಫ್ರಿಕಾದಲ್ಲಿ ಕೂತು ನೋಡಿದರೆ ಹೇಗೆ ಕಾಣುತ್ತೆ? ಅಲ್ಲಿಂದ ನೋಡಿದರೆ ಅದು ಬಿಳಿಯರ ಜಗಳ ಅಲ್ಲವೇ ಅಲ್ಲ. ಬಿಳಿಯರ ಮೇಲೆ ಬರುವ ಮೊದಲು ಅದು ಕರಿಯರ ಮೇಲೆ ಪ್ರಯೋಗವಾಗಿ ಹೋಗಿತ್ತು. ಆ ಪ್ರಯೋಗದ ಅಳತೆಗೋಲಿನಲ್ಲಿ ನಮಗೂ ಒಂದು ಗೀಟು ಹಾಕಿಟ್ಟಿದ್ದರು.

ಆಫ್ರಿಕಾ ಅಂದ ತಕ್ಷಣ ಎಲ್ಲೋ ಸಮುದ್ರದಾಚೆ ಅನ್ಕೋಬೇಡಿ. ಬಹಮನಿಯವರು 1347ರಲ್ಲಿ ರಾಜಧಾನಿ ಮಾಡಿಕೊಂಡ ಇದೇ ಗುಲ್ಬರ್ಗಾವನ್ನು ಹದಿನೈದನೇ ಶತಮಾನದ ಕೊನೆಗೆ ಆಳ್ತಾ ಇದ್ದದ್ದು ದಸ್ತೂರ್ ದೀನಾರ್ ಅನ್ನುವ ಹಬಶಿ. ಹಬಶಿ ಅಂದರೆ ಅಬಿಸೀನಿಯಾದವನು, ಈಗಿನ ಇಥಿಯೋಪಿಯಾ ಕಡೆಯವನು. ಬಹಮನಿ ರಾಜ್ಯ ಚೂರಾಗ್ತಿದ್ದ ಕಾಲ ಅದು. ಅವನು ಸ್ವತಂತ್ರನಾಗಲು ನೋಡಿದ, ಬಿಜಾಪುರದ ಯೂಸುಫ್ ಆದಿಲ್ ಷಾನ ಎದುರು ಸೋತು ಸತ್ತ, ಗುಲ್ಬರ್ಗಾ ಬಿಜಾಪುರದ ಪಾಲಾಯ್ತು. ಆಮೇಲೆ ಅದೇ ಬಿಜಾಪುರದಲ್ಲಿ ಮಹಮ್ಮದ್ ಆದಿಲ್ ಷಾನ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಕೂಡ ಹಬಶಿಯೇ. ಅಹಮದ್‌ನಗರದಲ್ಲಿ ಮೊಗಲರನ್ನು ವರ್ಷಗಟ್ಟಲೆ ಗೋಳು ಹೊಯ್ಕೊಂಡ ಮಲಿಕ್ ಅಂಬರ್ (1548–1626) ಗುಲಾಮನಾಗಿ ಮಾರಾಟವಾಗಿ ಬಂದ ಇಥಿಯೋಪಿಯಾದ ಹುಡುಗ.

ಇದನ್ನು ಹೇಳಿ ನಮ್ಮ ದಖನ್ನು ಬಹಳ ಉದಾರಿ ಆಗಿತ್ತು ಅಂತ ನಾನು ಕೊಚ್ಚಿಕೊಳ್ತಾ ಇಲ್ಲ. ಮನುಷ್ಯರನ್ನು ಕೊಂಡು ತಂದದ್ದು ಸುಳ್ಳಲ್ಲ. ಆದರೆ ಕೊಂಡು ತಂದವನು ದಂಡನಾಯಕನಾಗಬಹುದಿತ್ತು, ಊರಿಗೆ ಒಡೆಯನಾಗಬಹುದಿತ್ತು. ಅವನ ತಲೆಬುರುಡೆಯ ಆಕಾರ ನೋಡಿ ‘ಇವನು ಆಳಲು ಹುಟ್ಟಿದವನಲ್ಲ’ ಅಂತ ಸರ್ಟಿಫಿಕೇಟ್ ಬರೆಯುವ ವಿದ್ಯೆ ಇನ್ನೂ ಹುಟ್ಟಿರಲಿಲ್ಲ. ಆ ವಿದ್ಯೆ ಹುಟ್ಟಿ ಬೆಳೆದದ್ದು ಯುರೋಪಿನಲ್ಲಿ. ಅದಕ್ಕೆ ಕೈಬಳಕೆ ಸಿಕ್ಕಿದ್ದು ವಸಾಹತುಗಳಲ್ಲಿ.

ಅದರಲ್ಲೂ ಈಗಿನ ನಮೀಬಿಯಾ. ಆಗ ಅದು ಜರ್ಮನ್ ನೈರುತ್ಯ ಆಫ್ರಿಕಾ. 1885ರಲ್ಲಿ ಅಲ್ಲಿಗೆ ಜರ್ಮನಿಯ ಮೊದಲ ಆಡಳಿತಾಧಿಕಾರಿಯಾಗಿ ಹೋದವನ ಹೆಸರು ಹೈನ್ರಿಕ್ ಗೋರಿಂಗ್. ಹಿಟ್ಲರನ ಬಲಗೈ ಹರ್ಮನ್ ಗೋರಿಂಗ್‌ನ ಅಪ್ಪ! ದನ ಕಾಯುವ ಹೆರೆರೊ ಜನರ ನೆಲ, ದನ ಎರಡೂ ಕೈಬಿಟ್ಟು ಹೋಗಿ ಅವರು 1904ರ ಜನವರಿಯಲ್ಲಿ ದಂಗೆ ಎದ್ದರು. ಅವರನ್ನು ಅಡಗಿಸಲು ಬಂದ ಜನರಲ್ ಫಾನ್ ಟ್ರೋಥಾ ಆಗಸ್ಟಿನಲ್ಲಿ ವಾಟರ್‌ಬರ್ಗ್‌ನಲ್ಲಿ ಅವರನ್ನು ಸೋಲಿಸಿ, ನೀರಿಲ್ಲದ ಒಮಹೆಕೆ ಮರಳುಗಾಡಿನೊಳಗೆ ಅಟ್ಟಿದ. ಅಕ್ಟೋಬರ್ 2ಕ್ಕೆ ಒಂದು ಆಜ್ಞೆ ಹೊರಡಿಸಿದ. ಗಡಿಯೊಳಗೆ ಸಿಕ್ಕ ಪ್ರತಿ ಹೆರೆರೊನನ್ನೂ, ಕೈಯಲ್ಲಿ ಬಂದೂಕು ಇರಲಿ ಬಿಡಲಿ, ಗುಂಡಿಟ್ಟು ಕೊಲ್ಲಲಾಗುವುದು ಅನ್ನುವುದು ಅದರ ಸಾರ. ಉಳಿದವರನ್ನೂ, ಆಮೇಲೆ ತಿರುಗಿಬಿದ್ದ ನಾಮಾ ಜನರನ್ನೂ ಶಿಬಿರಗಳಲ್ಲಿ ತುಂಬಿದರು. ಲ್ಯೂಡೆರಿಟ್ಜ್ ಬಂದರಿನ ಶಾರ್ಕ್ ದ್ವೀಪದ ಶಿಬಿರದಲ್ಲಿ ಚಳಿಗಾಳಿ, ಹಸಿವು, ಕೂಲಿ ಕೆಲಸದಿಂದಲೇ ಜನ ಸತ್ತರು. ಸುಮಾರು 80 ಸಾವಿರ ಹೆರೆರೊಗಳಲ್ಲಿ 65 ಸಾವಿರದವರೆಗೆ, 20 ಸಾವಿರ ನಾಮಾಗಳಲ್ಲಿ 10 ಸಾವಿರದಷ್ಟು ಜನ 1908ರ ಹೊತ್ತಿಗೆ ಇಲ್ಲವಾಗಿದ್ದರು ಅನ್ನುವುದು ಇತಿಹಾಸಕಾರರ ಅಂದಾಜು. ‘ಕಾನ್ಸನ್‌ಟ್ರೇಷನ್ ಕ್ಯಾಂಪ್’ ಅನ್ನುವ ಪದ ಜರ್ಮನ್ ಕಡತಗಳಲ್ಲಿ ಆಗಲೇ ಬಂದಿತ್ತು. ಇಂಗ್ಲಿಷರೂ ಕಮ್ಮಿಯಿಲ್ಲ ಬಿಡಿ, ಅದಕ್ಕೂ ಮೊದಲು ಬೋಯರ್ ಯುದ್ಧದಲ್ಲಿ (1899–1902) ದಕ್ಷಿಣ ಆಫ್ರಿಕಾದಲ್ಲಿ ಇಂಥವೇ ಶಿಬಿರಗಳನ್ನು ಕಟ್ಟಿದ್ದರು.

ಇನ್ನೊಂದು ಮಾತು ಬರೆಯೋಕೆ ಕಷ್ಟವಾಗುತ್ತೆ. ಸತ್ತವರ ತಲೆಗಳನ್ನು ಕುದಿಸಿ, ಗಾಜಿನ ಚೂರಿನಿಂದ ಕೆರೆದು ಚೊಕ್ಕ ಮಾಡುವ ಕೆಲಸವನ್ನು ಶಿಬಿರದ ಹೆಂಗಸರಿಗೇ ಹಚ್ಚಿದ್ದರು. ಸತ್ತವರು ಅವರ ಕಡೆಯವರೇ. ಹಾಗೆ ಚೊಕ್ಕವಾದ ಬುರುಡೆಗಳು ಪೆಟ್ಟಿಗೆ ತುಂಬಿ ಜರ್ಮನಿಯ ವಿಜ್ಞಾನಿಗಳ ಮೇಜಿಗೆ ಹೋದವು.

1908ರಲ್ಲಿ ಅದೇ ನಾಡಿಗೆ ಆಯ್ಗನ್ ಫಿಷರ್ ಅನ್ನುವ ಜರ್ಮನ್ ವಿಜ್ಞಾನಿ ಬಂದ. ರೆಹೊಬೊತ್ ಎಂಬಲ್ಲಿ ಬಿಳಿ ಗಂಡಸರಿಗೂ ಆಫ್ರಿಕದ ಹೆಂಗಸರಿಗೂ ಹುಟ್ಟಿದ ಸಂತತಿಯವರ ಮೂಗು, ಕಣ್ಣು, ಕೂದಲು ಅಳೆದ. 1913ರಲ್ಲಿ ಪುಸ್ತಕ ಬರೆದ. ರಕ್ತ ಬೆರೆಯಬಾರದು, ಬೆರೆತರೆ ಮೇಲಿನವರು ಕೆಡ್ತಾರೆ ಅನ್ನುವುದು ಅವನ ಸಿದ್ಧಾಂತ. 1927ರಲ್ಲಿ ಬರ್ಲಿನ್ನಿನಲ್ಲಿ ಮಾನವಶಾಸ್ತ್ರದ ಕೈಸರ್ ವಿಲ್ಹೆಲ್ಮ್ ಸಂಸ್ಥೆ ಶುರುವಾದಾಗ ಇವನೇ ನಿರ್ದೇಶಕ. 1933ರಲ್ಲಿ ಹಿಟ್ಲರ್ ಬಂದಾಗ ಬರ್ಲಿನ್ ವಿಶ್ವವಿದ್ಯಾಲಯಕ್ಕೇ ಕುಲಪತಿ. ಮುಂದೆ ಇದೇ ಸಂಸ್ಥೆಗೆ ಆಷ್‌ವಿಟ್ಜ್ ಶಿಬಿರದಿಂದ ಡಾಕ್ಟರ್ ಮೆಂಗೆಲೆ ಸತ್ತವರ ಅಂಗಾಂಗಗಳನ್ನು ಕಳಿಸಿಕೊಡ್ತಿದ್ದ. ಶಾರ್ಕ್ ದ್ವೀಪದಿಂದ ಆಷ್‌ವಿಟ್ಜ್‌ಗೆ ನೇರ ರಸ್ತೆ ಇತ್ತು ಅಂತ ನಾನು ಹೇಳ್ತಿಲ್ಲ, ಇತಿಹಾಸಕಾರರಲ್ಲೂ ಆ ಬಗ್ಗೆ ಜಗಳವಿದೆ. ಆದರೆ ಫಿಷರ್ ಥರದವರು ಎರಡೂ ಕಡೆ ಇದ್ದರು.

ಈಗ ನಮ್ಮ ಕಡೆಯ ಒಬ್ಬರು ಬರ್ತಾರೆ. ‘ಯುಗಾಂತ’ ಓದಿದವರಿಗೆಲ್ಲ ಇರಾವತಿ ಕರ್ವೆ ಗೊತ್ತು. ಮಹಾಭಾರತದ ಪಾತ್ರಗಳನ್ನು ದೇವರ ಪೀಠದಿಂದ ಇಳಿಸಿ ಮನುಷ್ಯರನ್ನಾಗಿ ನೋಡಿದವರು. 1905ರಲ್ಲಿ ಬರ್ಮಾದಲ್ಲಿ ಹುಟ್ಟಿ ಐರಾವತಿ ನದಿಯ ಹೆಸರು ಇಟ್ಟುಕೊಂಡು ಪುಣೆಯಲ್ಲಿ ಬೆಳೆದವರು. ನಮ್ಮ ಕಡೆಯ ಸೋದರಮಾವನ ಜೊತೆ ಮದುವೆಯ ಪದ್ಧತಿಯನ್ನೂ ಕನ್ನಡ ನಾಡಿನ ನಂಟಸ್ತಿಕೆಯನ್ನೂ 1953ರ ತಮ್ಮ ದೊಡ್ಡ ಪುಸ್ತಕದಲ್ಲಿ ವಿವರಿಸಿದವರು. ಅವರು ಡಾಕ್ಟರೇಟ್ ಮಾಡಿದ್ದು ಎಲ್ಲಿ ಗೊತ್ತಾ? 1920ರ ದಶಕದ ಕೊನೆಯಲ್ಲಿ, ಬರ್ಲಿನ್ನಿನಲ್ಲಿ, ಇದೇ ಆಯ್ಗನ್ ಫಿಷರ್‌ನ ಕೈಕೆಳಗೆ.

ಫಿಷರ್ ಕೊಟ್ಟ ಕೆಲಸ ಇಷ್ಟು. ಬಿಳಿಯರ ತಲೆಬುರುಡೆಯ ಎಡಬಲ ಸಮ ಇರುವುದಿಲ್ಲ, ಬಲಭಾಗ ಹೆಚ್ಚು ಬೆಳೆದಿರುತ್ತೆ, ಅದಕ್ಕೇ ಅವರು ಹೆಚ್ಚು ಬುದ್ಧಿವಂತರು ಅನ್ನುವುದು ಅವನ ಊಹೆ. ಅಳೆದು ರುಜುವಾತು ಮಾಡಬೇಕು. ಇರಾವತಿ 149 ಬುರುಡೆಗಳನ್ನು ಅಳೆದರು. ಅವುಗಳಲ್ಲಿ ಯುರೋಪಿನವೂ ಇದ್ದವು, ಜರ್ಮನಿಯ ಆಫ್ರಿಕನ್ ವಸಾಹತುಗಳಿಂದ ಬಂದವೂ ಇದ್ದವು. ಅಳೆದು, ಲೆಕ್ಕ ಹಾಕಿ, ಪ್ರಬಂಧದಲ್ಲಿ ಬರೆದರು: ಬುರುಡೆಯ ಓರೆಕೋರೆಗೂ ಜನಾಂಗಕ್ಕೂ ಸಂಬಂಧ ಇಲ್ಲ. ಗುರುವಿನ ಊಹೆ ತಪ್ಪು! ಫಿಷರ್ ಅವರಿಗೆ ಪಾಸಾಗುವಷ್ಟೇ ಕನಿಷ್ಠ ದರ್ಜೆ ಕೊಟ್ಟ ಅಂತ ಅವರ ಜೀವನಚರಿತ್ರೆ ಬರೆದವರು ಹೇಳ್ತಾರೆ.

ಸ್ವಲ್ಪ ಯೋಚನೆ ಮಾಡಿ. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು, ಗುಲಾಮ ದೇಶದವಳು, ಪರಭಾಷೆಯಲ್ಲಿ ಬರೀತಾ ಇದ್ದಾಳೆ. ಗುರು ಹೇಳಿದ ಹಾಗೆ ಒಂದು ವಾಕ್ಯ ಬರೆದುಬಿಟ್ಟಿದ್ದರೆ ಎಲ್ಲ ಸಲೀಸು. ಬರೆಯಲಿಲ್ಲ. ಘೋಷಣೆ ಇಲ್ಲ, ಭಾಷಣ ಇಲ್ಲ, ಅಂಕಿ ಅಷ್ಟೇ. ಊರಿಗೆ ಬಂದ ಮೇಲೆ ಇರಾವತಿ ಕೂಡ ದಶಕಗಟ್ಟಲೆ ಜಾತಿಗಳವರ ತಲೆ ಮೂಗು ಅಳೀತಾನೇ ಇದ್ದರು ಅನ್ನುವುದನ್ನೂ ಹೇಳಬೇಕು. ಆ ಕಾಲದ ಆ ಶಾಸ್ತ್ರದ ಚಟ ಅಷ್ಟು ಬೇಗ ಬಿಡುವಂಥದ್ದಲ್ಲ. ಆದರೆ ಮುಖ್ಯವಾದ ಹೊತ್ತಿನಲ್ಲಿ ಅಳತೆಗೋಲು ಹೇಳಿದ್ದನ್ನು ಕೇಳಿದರು, ಅದನ್ನು ಕೊಟ್ಟವನು ಹೇಳಿದ್ದನ್ನಲ್ಲ.

1929ರಲ್ಲಿ ಅದೇ ಬರ್ಲಿನ್‌ಗೆ ಇನ್ನೊಬ್ಬ ಬಂದ. ಬಾಯುಮೆ ಮೊಹಮ್ಮದ್ ಹುಸೇನ್. ದಾರ್ ಎಸ್ ಸಲಾಮ್‌ನಲ್ಲಿ 1904ರಲ್ಲಿ ಹುಟ್ಟಿದವನು. ಮೊದಲ ಮಹಾಯುದ್ಧದಲ್ಲಿ ಅಪ್ಪ ಮಗ ಇಬ್ಬರೂ ಜರ್ಮನಿಯ ಪರವಾಗಿ ಆಫ್ರಿಕದಲ್ಲಿ ಕಾದಾಡಿದ್ದರು, ಮಗ ಆಗಿನ್ನೂ ಹುಡುಗ. ಬಾಕಿ ಸಂಬಳ ಕೇಳೋಕೆ ಬಂದ. ಸಂಬಳ ಸಿಗಲಿಲ್ಲ. ಹೋಟೆಲಿನಲ್ಲಿ ಮಾಣಿಯಾದ, ವಿಶ್ವವಿದ್ಯಾಲಯದಲ್ಲಿ ಸ್ವಾಹಿಲಿ ಕಲಿಸಲು ನೆರವಾದ, ಸಿನಿಮಾಗಳಲ್ಲಿ ಕರಿಯ ಆಳಿನ ಪಾತ್ರ ಮಾಡಿದ. 1935ರ ನ್ಯೂರೆಂಬರ್ಗ್ ಕಾನೂನು ಯಹೂದಿಗಳಿಗಷ್ಟೇ ಅಂತ ನಾವು ಓದಿದ್ದೇವೆ. ಅದು ಬಂದ ಎರಡೇ ತಿಂಗಳಿಗೆ ಜಿಪ್ಸಿಗಳಿಗೂ ಕರಿಯರಿಗೂ ಅನ್ವಯವಾಯಿತು. 1937ರಲ್ಲಿ ರೈನ್ ನದಿ ಸೀಮೆಯಲ್ಲಿ ಫ್ರೆಂಚ್ ಸೇನೆಯ ಕರಿಯ ಸೈನಿಕರಿಗೂ ಜರ್ಮನ್ ತಾಯಂದಿರಿಗೂ ಹುಟ್ಟಿದ್ದ ಸುಮಾರು 400 ಮಕ್ಕಳನ್ನು ಗುಟ್ಟಾಗಿ ಹಿಡಿದು ಸಂತಾನಶಕ್ತಿ ಹರಣದ ಆಪರೇಷನ್ ಮಾಡಿಸಿದರು. ಯಾವ ಮಗು ‘ಬೆರಕೆ’ ಅಂತ ತೀರ್ಮಾನಿಸಿದ ಪರಿಣತರಲ್ಲಿ ಫಿಷರ್ ಕೂಡ ಒಬ್ಬ. ಹುಸೇನನನ್ನು ಬಿಳಿ ಹೆಂಗಸಿನ ಜೊತೆ ಸಂಬಂಧ ಇತ್ತು ಅಂತ 1941ರಲ್ಲಿ ಹಿಡಿದರು. 1944ರ ನವೆಂಬರ್‌ನಲ್ಲಿ ಸಾಕ್ಸೆನ್‌ಹೌಸೆನ್ ಶಿಬಿರದಲ್ಲಿ ಸತ್ತ. ಈಗ ಬರ್ಲಿನ್ನಿನ ಬೀದಿಯಲ್ಲಿ ಅವನ ಹೆಸರಿನ ಒಂದು ಹಿತ್ತಾಳೆ ಫಲಕವಿದೆ.

1940ರ ಮೇ–ಜೂನ್‌ನಲ್ಲಿ ಫ್ರಾನ್ಸ್ ಸೋತಾಗ ಇನ್ನೊಂದು ನಡೆಯಿತು. ಶರಣಾದ ಫ್ರೆಂಚ್ ಸೈನಿಕರಲ್ಲಿ ಬಿಳಿಯರನ್ನು ಒಂದು ಕಡೆ, ಪಶ್ಚಿಮ ಆಫ್ರಿಕದವರನ್ನು ಇನ್ನೊಂದು ಕಡೆ ನಿಲ್ಲಿಸಿ, ಆಫ್ರಿಕದವರನ್ನು ಜರ್ಮನ್ ಸೇನೆ ಕೊಂದುಹಾಕಿತು. ಹೀಗೆ ಹತರಾದವರು 1,500ರಿಂದ 3,000 ಅಂತ ಅಂದಾಜು. ಲಿಯೋನ್ ಹತ್ತಿರದ ಶಾಸ್ಲೆಯಲ್ಲಿ ಅವರಲ್ಲಿ ಕೆಲವರಿಗೆ ಆಫ್ರಿಕದ ಶೈಲಿಯ ಕೆಂಪು ಗೋಡೆಯ ಸ್ಮಶಾನವೇ ಇದೆ. ಆ ಜೂನ್‌ನಲ್ಲಿ ಸೆರೆ ಸಿಕ್ಕು ಬದುಕಿ ಉಳಿದವರಲ್ಲಿ ಒಬ್ಬ ಶಾಲಾ ಮಾಸ್ತರ, ಕವಿ. ಸುಮಾರು ಎರಡು ವರ್ಷ ಶಿಬಿರದಲ್ಲಿದ್ದು ಅಲ್ಲೇ ಗಯಟೆಯನ್ನು ಜರ್ಮನ್ ಭಾಷೆಯಲ್ಲಿ ಓದಿದ. ಹೆಸರು ಲಿಯೊಪೋಲ್ಡ್ ಸೆಂಗೋರ್. 1960ರಲ್ಲಿ ಸ್ವತಂತ್ರ ಸೆನೆಗಲ್‌ನ ಮೊದಲ ಅಧ್ಯಕ್ಷರಾದವರು ಇವರೇ.

ಬದುಕಿ ಉಳಿದು ಊರಿಗೆ ಹೋದವರಿಗೆ ಏನು ಸಿಕ್ಕಿತು? 1944ರ ಡಿಸೆಂಬರ್ 1ರಂದು ಡಕಾರ್ ಹತ್ತಿರದ ತಿಯಾರೊಯೆ ಶಿಬಿರದಲ್ಲಿ, ಜರ್ಮನ್ ಸೆರೆಯಿಂದ ಬಿಡುಗಡೆಯಾಗಿ ಬಂದ ಆಫ್ರಿಕನ್ ಸೈನಿಕರು ಬಾಕಿ ಸಂಬಳ ಕೇಳಿದರು. ಫ್ರೆಂಚ್ ಸೇನೆ ಗುಂಡು ಹಾರಿಸಿತು. ಸತ್ತವರು 35 ಅಂತ ಸರ್ಕಾರಿ ಲೆಕ್ಕ. ಅದಕ್ಕಿಂತ ಬಹಳ ಹೆಚ್ಚು ಅಂತ ಇತಿಹಾಸಕಾರರು ಹೇಳ್ತಾರೆ. ಅದನ್ನು ‘ಹತ್ಯಾಕಾಂಡ’ ಅಂತ ಫ್ರಾನ್ಸಿನ ಅಧ್ಯಕ್ಷರು ಒಪ್ಪಿದ್ದು ಎಂಬತ್ತು ವರ್ಷದ ಮೇಲೆ, 2024ರಲ್ಲಿ! ಬರ್ಲಿನ್ನಿನಲ್ಲಿ ಹುಸೇನ್ ಕೇಳಿದ್ದೂ ಸಂಬಳ, ಡಕಾರ್‌ನಲ್ಲಿ ಇವರು ಕೇಳಿದ್ದೂ ಸಂಬಳ. ಒಂದು ಕಡೆ ನಾಜಿಗಳು ಬರುವ ಮೊದಲಿನ ಜರ್ಮನಿ, ಇನ್ನೊಂದು ಕಡೆ ನಾಜಿಗಳನ್ನು ಸೋಲಿಸಿದವರು.

ಇದನ್ನೆಲ್ಲ ಕಂಡ ಕರಿಯ ಲೇಖಕರಿಗೆ ಒಂದು ಮಾತು ಹೊಳೆಯದೇ ಇರುತ್ತಾ? ಆಫ್ರಿಕದ ಗುಲಾಮರ ವಂಶದವರಾದ ಮಾರ್ಟಿನಿಕ್ ದ್ವೀಪದ ಏಮೆ ಸೆಸೇರ್ 1950ರಲ್ಲಿ ಅದನ್ನು ಸೀದಾ ಬರೆದರು. ಯುರೋಪಿಗೆ ಹಿಟ್ಲರನ ಮೇಲೆ ಸಿಟ್ಟು ಬಂದದ್ದು ಅವನು ಮನುಷ್ಯರನ್ನು ಹೀಗೆ ನಡೆಸಿಕೊಂಡ ಅಂತಲ್ಲ, ಅದುವರೆಗೆ ಅರಬರಿಗೆ, ಆಫ್ರಿಕದ ಕರಿಯರಿಗೆ, ಭಾರತದ ಕೂಲಿಗಳಿಗೆ ಮೀಸಲಾಗಿದ್ದನ್ನು ಬಿಳಿಯರ ಮೇಲೇ ತಂದ ಅಂತ. ಇದು ಅವರ ವಾದದ ಸಾರ. ಭಾರತದ ಕೂಲಿಗಳು! ನಮ್ಮ ಹೆಸರೂ ಆ ಪಟ್ಟಿಯಲ್ಲಿದೆ ನೋಡಿ.

ಆ ಮಾತಿಗೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ‘ಎಲ್ಲ ಕಡೆ ಆದದ್ದೇ ಅಲ್ಲಿಯೂ ಆಯ್ತು’ ಅಂತ ಯಹೂದಿಗಳ ನೋವನ್ನು ಸಣ್ಣದು ಮಾಡೋಕೆ ಇದನ್ನು ಬಳಸಬಾರದು. ಒಂದಿಡೀ ಜನಾಂಗವನ್ನು, ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ಹುಡುಕಿ, ರೈಲು ತುಂಬಿ ತಂದು, ಕಾರ್ಖಾನೆಯಂಥ ವ್ಯವಸ್ಥೆ ಕಟ್ಟಿ ಕೊಂದದ್ದು ಬೇರೆಯೇ. ನೆಲ್ಸನ್ ಮಂಡೇಲಾ 1994ರಲ್ಲಿ ಜೋಹಾನ್ಸ್‌ಬರ್ಗ್‌ನ ಆನ್ ಫ್ರಾಂಕ್ ಪ್ರದರ್ಶನದಲ್ಲಿ ಮಾತಾಡುತ್ತಾ, ರಾಬೆನ್ ದ್ವೀಪದ ಜೈಲಿನಲ್ಲಿ ತಾವು ಕೆಲವರು ಆ ಹುಡುಗಿಯ ದಿನಚರಿ ಓದಿ ಧೈರ್ಯ ತಂದುಕೊಂಡಿದ್ದನ್ನು ನೆನೆದರು. ಅಲ್ಲಿ ಯಾರ ನೋವು ದೊಡ್ಡದು ಅನ್ನುವ ಪೈಪೋಟಿ ಇಲ್ಲ. ಕರಿಯ ಕೈದಿ ಯಹೂದಿ ಹುಡುಗಿಯ ದಿನಚರಿ ಓದಿ ತನ್ನವಳು ಅಂದುಕೊಂಡ, ಅಷ್ಟೇ.

ಇನ್ನು ‘ಹಿಟ್ಲರನಿಂದ ನಮಗೆ ಸ್ವಾತಂತ್ರ್ಯ’ ಅನ್ನುವ ಮಾತು. ಯುದ್ಧ ಇಂಗ್ಲೆಂಡನ್ನು ಬಡವಾಗಿಸಿದ್ದು ನಿಜ. ಆದರೆ ಆ ಮನುಷ್ಯ ತನ್ನ ಆತ್ಮಕಥೆಯಲ್ಲೇ ಭಾರತ ಬೇರೆಯವರ ಕೈಗೆ ಹೋಗುವುದಕ್ಕಿಂತ ಇಂಗ್ಲಿಷರ ಕೈಯಲ್ಲಿದ್ದರೇ ಒಳ್ಳೆಯದು ಅಂತ ಬರೆದಿದ್ದಾನೆ. ನಮ್ಮ ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ಅಲ್ಲಿರುವುದು ತಾತ್ಸಾರ. ಅವನ ಜನಾಂಗದ ಮಾತುಗಳಿಗೆ ಸುಭಾಷ್ ಬೋಸರೇ 1936ರಲ್ಲಿ ಜರ್ಮನರಿಗೆ ಪತ್ರ ಬರೆದು ಪ್ರತಿಭಟಿಸಿದ್ದರು. ಅದೇ ವರ್ಷ ಹಬಶಿಗಳ ನಾಡಾದ ಅಬಿಸೀನಿಯಾವನ್ನು ಮುಸೊಲಿನಿ ವಿಷಾನಿಲ ಹಾಕಿ ಗೆದ್ದ. ರೋಮ್ ಮೂಲಕ ಬರ್ತಿದ್ದ ನೆಹರೂ ಅವನ ಭೇಟಿಯನ್ನೇ ನಿರಾಕರಿಸಿದರು, ಮೇ ತಿಂಗಳಲ್ಲಿ ಕಾಂಗ್ರೆಸ್ ಅಬಿಸೀನಿಯಾ ದಿನ ಆಚರಿಸಿತು. 1941ರ ಅಟ್ಲಾಂಟಿಕ್ ಸನ್ನದಿನ ಸ್ವಾತಂತ್ರ್ಯದ ಮಾತು ನಾಜಿಗಳ ಕೈಗೆ ಸಿಕ್ಕ ಯುರೋಪಿಗೆ ಮಾತ್ರ ಅಂತ ಚರ್ಚಿಲ್ ಅಂದಾಗ ಸಿಟ್ಟಿಗೆದ್ದವರು ಭಾರತೀಯರು, ಜೊತೆಗೆ ನೈಜೀರಿಯಾದ ಪತ್ರಕರ್ತ ಅಜಿಕಿವೆ. ಎರಡೂ ಕಡೆಯವರು ಕೇಳಿದ್ದು ಒಂದೇ: ಅಲ್ಲಿ ತಪ್ಪಾದದ್ದು ಇಲ್ಲಿ ಹೇಗೆ ಸರಿ?

ನಮ್ಮ ರಾಜ್ಯಕ್ಕೂ ಆ ಬಿಸಿ ತಟ್ಟಿತ್ತು. ಯಹೂದಿ ಅಂತ 1933ರಲ್ಲಿ ಗಾಟಿಂಗನ್ ವಿಶ್ವವಿದ್ಯಾಲಯ ಹೊರಗಿಟ್ಟ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್‌ರನ್ನು ಸಿ.ವಿ. ರಾಮನ್ ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟ್‌ಗೆ ಕರೆಸಿಕೊಂಡರು. 1935–36ರಲ್ಲಿ ಆರು ತಿಂಗಳು ಇಲ್ಲಿದ್ದರು. ಖಾಯಂ ಮಾಡಬೇಕು ಅಂತ ರಾಮನ್ ಪಟ್ಟು ಹಿಡಿದರೆ, ತನ್ನ ದೇಶದವರೇ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗ್ಯಾಕೆ ಅನ್ನುವ ಅರ್ಥದಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಸಭೆಯಲ್ಲೇ ಆಡಿದರಂತೆ. ಆ ದಿನ ಮನೆಗೆ ಬಂದು ಅತ್ತಿದ್ದನ್ನು ಬಾರ್ನ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 1954ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಸಂಬಂಧಿ ಆಟ್ಟೊ ಕೋನಿಗ್ಸ್‌ಬರ್ಗರ್ ಕೂಡ ಜರ್ಮನಿಯಲ್ಲಿ ಕೆಲಸ ಕಳ್ಕೊಂಡು, ಈಜಿಪ್ಟ್‌ನಲ್ಲಿ ಕೆಲವು ವರ್ಷ ಇದ್ದು, 1939ರಲ್ಲಿ ಮಿರ್ಜಾ ಇಸ್ಮಾಯಿಲ್ ಕಾಲದ ಮೈಸೂರಿಗೆ ವಾಸ್ತುಶಿಲ್ಪಿಯಾಗಿ ಬಂದರು. ಭದ್ರಾವತಿಯ ನಗರ ಯೋಜನೆ ಮಾಡಿದರು. ಮುಂದೆ ವಿಶ್ವಸಂಸ್ಥೆಯ ಪರವಾಗಿ ಘಾನಾ, ನೈಜೀರಿಯಾಗಳಿಗೂ ಹೋಗಿ ವಸತಿಯ ಸಲಹೆ ಕೊಟ್ಟರು.

ಇವತ್ತಿನ ನಮ್ಮ ಗತಿ ಏನು? ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಶತಮಾನಗಳಿಂದ ನಮ್ಮವರು. ಅವರಲ್ಲಿ ಬಹಳಷ್ಟು ಜನ ಗೋವೆಯ ಪೋರ್ಚುಗೀಸರ ಗುಲಾಮಗಿರಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ವಿಧಾನ ಪರಿಷತ್ತಿಗೆ ಅವರೊಬ್ಬರು, ಶಾಂತಾರಾಮ ಸಿದ್ದಿ, ಬಂದದ್ದು 2020ರಲ್ಲಿ. ಅಚ್ಚ ಕನ್ನಡ ಮಾತಾಡುವ ಅವರನ್ನು ಊರ ಹೊರಗೆ ಬಂದರೆ ಸಾಕು, “ಯಾವ ದೇಶ?” ಅಂತ ಕೇಳುವವರು ನಾವು. 2016ರ ಜನವರಿ ಕೊನೆಗೆ ಬೆಂಗಳೂರಿನ ಹೆಸರಘಟ್ಟ ರಸ್ತೆ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಬಡಿಯಿತು, ಕಾರಿಗೆ ಬೆಂಕಿ ಇಟ್ಟಿತು. ಅವಳಿಗೂ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮೈಬಣ್ಣ ಒಂದೇ ಆಗಿತ್ತು, ಅದೇ ಸಾಕಾಯ್ತು. ಒಬ್ಬ ಮಾಡಿದ್ದಕ್ಕೆ ಅವನಂಥ ಮೈಯವರೆಲ್ಲ ಹೊಣೆ ಅನ್ನುವುದು ಬರ್ಲಿನ್ನಿನ ಲೆಕ್ಕ. ಅದು ನಮ್ಮಲ್ಲೂ ಬರುತ್ತೆ. ಜಾತಿ ಕೇಳಿ ಬಾಡಿಗೆ ಮನೆ ಕೊಡುವ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಫಿಷರ್‌ಗೆ ಏನಾಯಿತು ಅಂತ ಕೇಳ್ತೀರಾ? ಏನೂ ಆಗಲಿಲ್ಲ. ಯಾವ ವಿಚಾರಣೆಯೂ ಇಲ್ಲದೆ 1967ರಲ್ಲಿ ತಣ್ಣಗೆ ಸತ್ತ. ನಮೀಬಿಯಾದಲ್ಲಿ ಆದದ್ದು ಜನಾಂಗಹತ್ಯೆ ಅಂತ ಜರ್ಮನಿ ಒಪ್ಪಿದ್ದು 2021ರಲ್ಲಿ. ಕೊಡುತ್ತೇನೆಂದ 110 ಕೋಟಿ ಯೂರೋ ಪರಿಹಾರವಲ್ಲ, ಅಭಿವೃದ್ಧಿ ನೆರವು ಅಂತ ಹೇಳಿದ್ದಕ್ಕೆ ಹೆರೆರೊ, ನಾಮಾ ಮುಖಂಡರಲ್ಲಿ ಅನೇಕರು ಒಪ್ಪಿಲ್ಲ. ಬುರುಡೆಗಳಲ್ಲಿ ಕೆಲವು 2011ರಿಂದ ಊರಿಗೆ ಮರಳಿವೆ. ಸಾವಿರಾರು ಇನ್ನೂ ಬರ್ಲಿನ್ನಿನ ಪೆಟ್ಟಿಗೆಗಳಲ್ಲಿವೆ. 2023ರಲ್ಲಿ ಅಲ್ಲಿನ ಸಂಶೋಧಕರು ಪೂರ್ವ ಆಫ್ರಿಕದ ಬುರುಡೆಗಳ ಡಿಎನ್ಎ ಪರೀಕ್ಷಿಸಿ, ಅವುಗಳಲ್ಲಿ ಕೆಲವಕ್ಕೆ ತಾಂಜಾನಿಯಾದಲ್ಲಿ ಬದುಕಿರುವ ವಂಶಸ್ಥರು ಇದ್ದಾರೆ ಅಂತ ಪತ್ತೆ ಹಚ್ಚಿದರು. ನೂರು ವರ್ಷ ಒಂದು ನಂಬರ್ ಆಗಿದ್ದದ್ದು ಯಾರದೋ ಮುತ್ತಜ್ಜ ಆಯ್ತು.

‘ಬಿಳಿಯರ ಜಗಳ’ ಅನ್ನುವವರಿಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ಆ ಪೆಟ್ಟಿಗೆಗಳಲ್ಲಿ ಇರುವವರು ಬಿಳಿಯರಲ್ಲ.

ಸಿದ್ದಿಗಳದ್ದಾಗಲಿ, ಹಬಶಿಗಳದ್ದಾಗಲಿ, ಆ ಯುದ್ಧದಲ್ಲಿ ಜರ್ಮನ್ ಸೆರೆಯಲ್ಲಿದ್ದು ಬಂದ ನಮ್ಮ ಕಡೆಯ ಸಿಪಾಯಿಗಳದ್ದಾಗಲಿ, ನಿಮ್ಮ ಊರಿನಲ್ಲಿ, ನಿಮ್ಮ ಮನೆ ಹಿರಿಯರ ಬಾಯಲ್ಲಿ ಏನಾದರೂ ಕಥೆ ಉಳಿದಿದ್ದರೆ ದಯವಿಟ್ಟು ಬರೆದಿಡಿ. ಹೇಳುವವರು ಇರುವಾಗಲೇ ಬರೆದಿಡಿ.